ಮೈಗೆ ಹೀರೆಕಾಯಿ ನಾರು, ಮುಖಕ್ಕೆ ಲ್ಯಾಕ್ಟಿಕ್ ಆಸಿಡ್: ಎರಡೂವರೆ ವರ್ಷ ಬಳಸಿದ ಮೇಲೆ

ನನ್ನ ಹೆಗಲ ಹಿಂದೆ, ಮೂಳೆ ಉಬ್ಬಿರುವ ಕಡೆ, ಕಂದು ಕಲೆ ಇತ್ತು. ನೀರಿನ ಮೇಲಿನ ಸಣ್ಣ ಅಲೆಗಳ ಹಾಗೆ ಗೆರೆಗೆರೆ. ಕೊಳೆ ಅಂದುಕೊಂಡು ನಾಲ್ಕು ವರ್ಷ ಪ್ಲಾಸ್ಟಿಕ್ ಜಾಲರಿಯ ಚೆಂಡಿನಿಂದ ದಿನಾ ತಿಕ್ಕಿದೆ. ತಿಕ್ಕಿದಷ್ಟೂ ಕಪ್ಪಾಯಿತು. ಕಪ್ಪಾಯಿತಲ್ಲ ಅಂತ ಇನ್ನೂ ತಿಕ್ಕಿದೆ. ಕೊನೆಗೆ ಚರ್ಮದ ಡಾಕ್ಟರಿಗೆ ತೋರಿಸಿದರೆ, ಅವರು ಒಂದು ಸಲ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಸ್ನಾನಕ್ಕೆ ಏನಿಂದ ಉಜ್ಕೊಳ್ತೀರಿ?"

ಇದಕ್ಕೆ ಫ್ರಿಕ್ಷನ್ ಮೆಲನೋಸಿಸ್ ಅಂತ ಹೆಸರಂತೆ. ಉಜ್ಜಿ ಉಜ್ಜಿ ಪೆಟ್ಟಾದ ಚರ್ಮದಲ್ಲಿ ಬಣ್ಣ ಒಳಪದರಕ್ಕೆ ಇಳಿದು ಕೂತುಬಿಡುತ್ತದೆ. ಹೆಗಲು, ಕತ್ತಿನ ಕೆಳಗಿನ ಮೂಳೆ, ಮೊಣಕಾಲ ಕೆಳಗೆ, ಹೀಗೆ ಮೂಳೆಯ ಮೇಲೆ ಮಾಂಸ ಕಡಿಮೆ ಇರುವ ಕಡೆಯೇ ಜಾಸ್ತಿ. ನೈಲಾನ್ ಟವೆಲ್‌ನಿಂದ ಮೈ ತಿಕ್ಕುವ ಜಪಾನಿನವರಲ್ಲೂ ಇದು ಕಂಡಿದೆ, ನಮ್ಮಲ್ಲೂ ಇದೆ. ಚೆಂಡನ್ನು ಅವತ್ತೇ ಬಿಸಾಕಿದೆ. ಕಲೆ ತಿಳಿಯಾಗಲು ಒಂದೂವರೆ ವರ್ಷ ಬೇಕಾಯಿತು. ಈಗಲೂ ಪೂರ್ತಿ ಹೋಗಿಲ್ಲ.

ಚೆಂಡಿನ ಜಾಗಕ್ಕೆ ಬಂದದ್ದು ಊರಿಂದ ಅಮ್ಮ ಕಳಿಸಿದ ತುಪ್ಪದ ಹೀರೆಕಾಯಿ ನಾರು. ನಮ್ಮದು ತೀರ್ಥಹಳ್ಳಿ ಕಡೆ. ಬೇಲಿಗೆ ಹಬ್ಬಿಸಿದ ಬಳ್ಳಿಯಲ್ಲಿ ಎರಡು ಮೂರು ಕಾಯಿ ಕೊಯ್ಯದೆ ಬಿಟ್ಟರೆ ಬಲಿತು, ಒಣಗಿ, ಕಂದಾಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಆಗ ಸಿಪ್ಪೆ ಬಿಡಿಸಿ, ಕಪ್ಪು ಬೀಜ ಉದುರಿಸಿ, ನೀರಲ್ಲಿ ನೆನೆಸಿ, ಬಿಸಿಲಿಗೆ ಹಾಕಿದರೆ ನಾರು ತಯಾರು. ಒಣಗಿದ್ದನ್ನು ಮುಟ್ಟಿದರೆ ಕೈ ಗೀರುವಷ್ಟು ಒರಟು. ಐದು ನಿಮಿಷ ಬಿಸಿನೀರಲ್ಲಿ ಬಿಟ್ಟರೆ ಮೆತ್ತಗೆ ಬ್ರೆಡ್ಡಿನ ಹಾಗಾಗುತ್ತದೆ. ಈ ಐದು ನಿಮಿಷ ಕಾಯದವರೇ "ನಾರು ಚುಚ್ಚುತ್ತೆ" ಅಂತ ದೂರುವುದು.

ಇದೇ ನಾರಿನಿಂದ ಅಜ್ಜಿ ನಮ್ಮನ್ನೆಲ್ಲ ತಿಕ್ಕಿದ್ದಾಳೆ, ಆಗ ಯಾಕೆ ಕಲೆ ಆಗಲಿಲ್ಲ ಅಂತ ಯೋಚಿಸಿದ್ದೇನೆ. ನನಗನ್ನಿಸುವುದು, ಅಜ್ಜಿ ನಾರು ಮುಟ್ಟುವ ಮೊದಲು ಮೈಗೆಲ್ಲ ಎಣ್ಣೆ ಹಚ್ಚಿ ಒಂದು ಗಂಟೆ ಕೂರಿಸುತ್ತಿದ್ದಳು. ಆಮೇಲೆ ಹಂಡೆಯ ಬಿಸಿನೀರು, ಕಡಲೆಹಿಟ್ಟು, ಕೊನೆಗೆ ನಾರು. ಚರ್ಮ ನೆಂದು ಎಣ್ಣೆಯಲ್ಲಿ ಜಾರುತ್ತಿರುತ್ತದೆ, ಗೀರು ಬೀಳುವುದಿಲ್ಲ. ಅದೂ ಹಬ್ಬಕ್ಕೋ ವಾರಕ್ಕೋ ಒಂದು ಸಲ. ನಾವು ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಶವರ್ ಜೆಲ್ ಹಾಕಿ ಗಸಗಸ ಉಜ್ಜುತ್ತೇವೆ. ಎರಡೂ ಒಂದೇ ಅಲ್ಲವಲ್ಲ.

ಇನ್ನೊಂದು ವ್ಯತ್ಯಾಸ ನನಗೆ ಪೆಟ್ಟು ಬಿದ್ದ ಮೇಲೆ ತಿಳಿಯಿತು. ಊರಲ್ಲಿ ನಾರು ತೂಗುತ್ತಿದ್ದದ್ದು ಬಚ್ಚಲ ಒಲೆಯ ಮೇಲೆ. ಮಳೆಗಾಲದಲ್ಲೂ ಬೆಂಕಿಯ ಕಾವಿಗೆ ಮಧ್ಯಾಹ್ನದೊಳಗೆ ಗರಿಗರಿ. ಬೆಂಗಳೂರಿನ ನನ್ನ ಫ್ಲ್ಯಾಟಿನ ಬಾತ್‌ರೂಮಿಗೆ ಕಿಟಕಿಯೇ ಇಲ್ಲ, ನಲ್ಲಿಗೆ ನೇತುಹಾಕಿದ ನಾರು ಮರುದಿನವೂ ಒದ್ದೆ. ಮೂರು ತಿಂಗಳು ಒಂದೇ ನಾರು ಬಳಸಿದೆ. ತೊಡೆಯ ಹಿಂದೆ ಕೂದಲ ಬುಡಬುಡಕ್ಕೂ ಕೀವಿನ ಸಣ್ಣ ಗುಳ್ಳೆಗಳು ಎದ್ದವು. ಒದ್ದೆ ನಾರಿನ ಸಂದಿಯಲ್ಲಿ ಸತ್ತ ಚರ್ಮ ಸಿಕ್ಕಿಕೊಂಡಿರುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಈಗ ಸ್ನಾನ ಆದ ತಕ್ಷಣ ಹಿಂಡಿ ಬಾಲ್ಕನಿಯ ತಂತಿಗೆ ಕ್ಲಿಪ್ ಹಾಕುತ್ತೇನೆ. ಒಂದು ತಿಂಗಳಾದರೆ ಹೊಸ ತುಂಡು. ಕಾಲಿನ ಕೂದಲು ಶೇವ್ ಮಾಡಿದ ದಿನ, ಮರುದಿನ ನಾರು ಮುಟ್ಟುವುದಿಲ್ಲ.

ಬಳಸುವುದು ವಾರಕ್ಕೆ ಒಂದು ಸಲ. ಮೊಣಕೈ, ಮೊಣಕಾಲು, ಹಿಮ್ಮಡಿ, ಬೆನ್ನಿನ ಮಧ್ಯ. ಹೆಗಲ ಮೂಳೆಗೆ ಇಲ್ಲವೇ ಇಲ್ಲ. ಮೊಣಕೈಯ ಒರಟು ಹೋಗಿದೆ, ಲೋಷನ್ ಚೆನ್ನಾಗಿ ಹಿಡಿಯುತ್ತದೆ. ಹಿಮ್ಮಡಿ ಒಡಕಿಗೆ ಮಾತ್ರ ನಾರು ಸಾಲದು. ಅಲ್ಲಿ ಚರ್ಮ ತುಂಬಾ ದಪ್ಪ. ಅದಕ್ಕೆ ಮೆಡಿಕಲ್ ಶಾಪಿನ ಯೂರಿಯಾ ಕ್ರೀಮ್ ಹಚ್ಚಿ ಸಾಕ್ಸ್ ಹಾಕಿ ಮಲಗುತ್ತೇನೆ.

ಮುಖದ ಕತೆ ಬೇರೆ. ತಂಗಿಯ ಮದುವೆಗೆ ಎರಡು ದಿನ ಇರುವಾಗ ಒಂದು ಪಾರ್ಲರಿನಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ ಹಾಕಿದ ಸ್ಕ್ರಬ್‌ನಿಂದ ಕೆನ್ನೆ ಉಜ್ಜಿದರು. ಮೊಡವೆ ಇದೆ, ಮೆಲ್ಲಗೆ ಅಂದೆ. "ಏನಾಗಲ್ಲ ಮೇಡಂ, ಗ್ಲೋ ಬರುತ್ತೆ" ಅಂದರು. ಬಂದಿತು, ಕೆಂಪಗೆ. ಫೋಟೋಗಳಲ್ಲಿ ಇವತ್ತಿಗೂ ನೋಡಬಹುದು.

ಆಮೇಲೆ ಹಿಡಿದದ್ದು ಲ್ಯಾಕ್ಟಿಕ್ ಆಸಿಡ್ ಸೀರಂ, ಅಂದರೆ ಮುಖಕ್ಕೆ ಹನಿಹನಿಯಾಗಿ ಹಚ್ಚುವ ತೆಳು ದ್ರವ. ಉಜ್ಜುವ ಕೆಲಸವೇ ಇಲ್ಲ. ಚರ್ಮದ ಮೇಲ್ಪದರದಲ್ಲಿ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಅಂಟನ್ನು ಇದು ಸಡಿಲಿಸುತ್ತದೆ, ಅವು ತಾವಾಗಿಯೇ ಉದುರುತ್ತವೆ. ಕಬ್ಬಿನಲ್ಲಿರುವ ಗ್ಲೈಕೋಲಿಕ್ ಆಸಿಡ್ಡಿನದೂ ಇದೇ ಕೆಲಸ, ಆದರೆ ಅದರ ಕಣ ಚಿಕ್ಕದು, ಬೇಗ ಒಳಗಿಳಿಯುತ್ತದೆ, ನನಗೆ ಉರಿ ಜಾಸ್ತಿ. ಲ್ಯಾಕ್ಟಿಕ್ ಮೊಸರಿನ ಹುಳಿ. ಅಮ್ಮನಿಗೆ ಹೇಳಿದ್ದಕ್ಕೆ, "ಮೊಸರು ಹಚ್ಚಿದ್ರೆ ಸಾಕಲ್ವೇನೇ, ಆರುನೂರು ರೂಪಾಯಿ ಯಾಕೆ ಕೊಟ್ಟೆ?" ಅಂದಳು. ಪ್ರಶ್ನೆ ಸರಿಯಾಗಿಯೇ ಇದೆ. ಮೊಸರಲ್ಲಿ ಅದು ಇರುವುದು ಸುಮಾರು ಶೇ 1, ನನ್ನ ಮೊದಲ ಬಾಟಲಿಯಲ್ಲಿ ಶೇ 5, ಈಗಿನದರಲ್ಲಿ ಶೇ 10. ಮನೆಯಲ್ಲಿ ಬಳಸಲು ಶೇ 10ರ ಮೇಲೆ ಹೋಗಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ನಿಂಬೆಹಣ್ಣಿಗೆ ಸಕ್ಕರೆ ಬೆರೆಸಿ ಉಜ್ಜುವವರಿಗೆ ಮಾತ್ರ ಕೈ ಮುಗಿದು ಹೇಳುತ್ತೇನೆ, ಅದನ್ನು ಪಾನಕಕ್ಕೆ ಹಾಕಿ.

ಶೇ 10ಕ್ಕೆ ಬದಲಾದ ವಾರ ಎರಡನೇ ಎಡವಟ್ಟು. ಚೆನ್ನಾಗಿದೆ ಅಂತ ನಾಲ್ಕು ರಾತ್ರಿ ಸತತವಾಗಿ ಹಚ್ಚಿದೆ. ಐದನೇ ದಿನ ಬರೀ ನೀರಲ್ಲಿ ಮುಖ ತೊಳೆದರೂ ಉರಿ. ಮೂಗಿನ ಪಕ್ಕ ಚರ್ಮ ಪ್ಲಾಸ್ಟಿಕ್ ಹಾಳೆಯ ಹಾಗೆ ಬಿಗಿದು ಮಿರಿಮಿರಿ ಹೊಳೆಯುತ್ತಿತ್ತು. ಅದನ್ನೇ ಗ್ಲೋ ಅಂದುಕೊಂಡು ಗೆಳತಿಗೆ ಫೋಟೋ ಬೇರೆ ಕಳಿಸಿದ್ದೆ. ಸಾರು ಕುದಿಯುವಾಗ ಮುಚ್ಚಳ ತೆಗೆದರೆ ಆ ಹಬೆ ತಡೆಯಲಾಗಲಿಲ್ಲ. ಮೂರು ವಾರ ಎಲ್ಲ ನಿಲ್ಲಿಸಿ, ಬರೀ ಮಾಯಿಶ್ಚರೈಸರ್ ಹಚ್ಚಿದ ಮೇಲೆ ಸರಿಹೋಯಿತು.

ಈಗ ಬುಧವಾರ, ಭಾನುವಾರ ರಾತ್ರಿ ಮಾತ್ರ. ಮುಖ ಪೂರ್ತಿ ಒಣಗಿರಬೇಕು, ಮೂರು ಹನಿ, ಕಣ್ಣಿನ ಸುತ್ತ ಬಿಟ್ಟು. ಹತ್ತು ನಿಮಿಷದ ಮೇಲೆ ಮಾಯಿಶ್ಚರೈಸರ್. ಮೊದಲ ತಿಂಗಳು ಏನೂ ಕಾಣಲಿಲ್ಲ. ಹೊಸ ಚರ್ಮ ಕೆಳಗಿಂದ ಮೇಲೆ ಬರಲು ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಮೂರನೇ ತಿಂಗಳಲ್ಲಿ ಹಣೆಯ ಸಣ್ಣ ಗಂಟುಗಳು ಇಳಿದವು. ಮೊಡವೆಯ ಹಳೇ ಕಲೆ ಸ್ವಲ್ಪ ತಿಳಿಯಾಗಿದೆ. ಗುಂಡಿಗಳು ಹಾಗೇ ಇವೆ, ಅದು ಸೀರಂನ ಕೆಲಸವೂ ಅಲ್ಲ. ಮೂಗಿನ ಕಪ್ಪು ಚುಕ್ಕೆಗೂ ಇದರಿಂದ ಏನೂ ಆಗಲಿಲ್ಲ. ಅದಕ್ಕೆ ಎಣ್ಣೆಯಲ್ಲಿ ಕರಗುವ ಸ್ಯಾಲಿಸಿಲಿಕ್ ಆಸಿಡ್ಡೇ ಬೇಕು.

ಖರ್ಚು: 30 ಎಂಎಲ್ ಬಾಟಲಿ ನನಗೆ ತುಂಬಾ ದಿನ ಬರುತ್ತದೆ. ನಿಜವಾದ ಖರ್ಚು ಸನ್‌ಸ್ಕ್ರೀನಿನದು. ಈ ಆಸಿಡ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಟ್ಟುತ್ತದೆ, ನಾನು ದಿನಾ ಸ್ಕೂಟರಿನಲ್ಲಿ ಓಡಾಡುವವಳು. ಸನ್‌ಸ್ಕ್ರೀನ್ ತಪ್ಪದೆ ಹಚ್ಚಲು ಆಗದವರು ಸೀರಂ ತಗೊಳ್ಳಲೇಬೇಡಿ. ಸುಮ್ನೆ ದುಡ್ಡು ಕೊಟ್ಟು ಕಲೆ ತಗೊಂಡ ಹಾಗಾಗುತ್ತದೆ.

ಐದಕ್ಕೆ ಸೀರಂಗೆ ನಾಲ್ಕು, ನಾರಿಗೆ ಮೂರೂವರೆ. ಬಾತ್‌ರೂಮಿಗೆ ಕಿಟಕಿ ಇದ್ದಿದ್ದರೆ ನಾರಿಗೂ ನಾಲ್ಕು ಕೊಡುತ್ತಿದ್ದೆ. ಅಮ್ಮ ಈ ಸಲ ಆರು ನಾರು ಕಳಿಸಿದ್ದಾಳೆ. ಕತ್ತರಿಸಿ ಎರಡನ್ನು ಸ್ನಾನಕ್ಕೆ ಇಟ್ಟಿದ್ದೇನೆ, ಉಳಿದ ನಾಲ್ಕು ಅಡುಗೆಮನೆಯ ಸಿಂಕಿನ ಪಕ್ಕ. ದೋಸೆ ಕಾವಲಿಗೆ ಎಷ್ಟು ಬೇಕಾದರೂ ಉಜ್ಜಬಹುದು.