ಹಂದಿ ಶೆಡ್ಡಿಗೆ ಕಟ್ಟಿಸಿದ ದೀನಬಂಧು ಗೋಬರ್ ಗ್ಯಾಸ್: ಆರು ಮಳೆಗಾಲ ಕಳೆದ ಮೇಲೆ

ಗ್ಯಾಸಿನ ಮಟ್ಟಿಗೆ ಐದಕ್ಕೆ ಐದು ಅಂಕ, ಗೊಬ್ಬರದ ಮಟ್ಟಿಗೆ ಐದಕ್ಕೆ ಮೂರು. ಉಳಿದ ಎರಡು ಅಂಕ ಎಲ್ಲಿ ಹೋಯಿತು ಎಂದು ಹೇಳಲಿಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕಟ್ಟಿಸುವ ಮೊದಲು ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಸಿಗುವ ಊರು. ಮೂರು ಎಕರೆ ಅಡಿಕೆ, ಒಂದೆಕರೆ ಗದ್ದೆ, ಎರಡು ದನ, ಮೂವತ್ತರ ಆಸುಪಾಸು ಯಾರ್ಕ್‌ಷೈರ್ ಹಂದಿ. 2019ರ ಫೆಬ್ರವರಿಯಲ್ಲಿ 4 ಘನ ಮೀಟರಿನ ದೀನಬಂಧು ಮಾದರಿ ಕಟ್ಟಿಸಿದೆ. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಮೇಲೆ ಮಣ್ಣು. ತಿರುಗುವ, ತುಕ್ಕು ಹಿಡಿಯುವ ಭಾಗ ಒಂದೂ ಇಲ್ಲ. ನಮ್ಮ ಮಳೆಗೆ ಕಬ್ಬಿಣದ ಡ್ರಮ್ಮಿನ ಹಳೇ ಮಾದರಿಗಿಂತ ಇದೇ ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಮೊದಲ ಸಲ ತುಂಬಿಸುವಾಗ ಮಾತ್ರ ಬರೀ ಹಂದಿ ಗೊಬ್ಬರ ಹಾಕಬೇಡಿ. ಅಕ್ಕಪಕ್ಕದ ಕೊಟ್ಟಿಗೆಗಳಿಂದ ದನದ ಸಗಣಿ ತಂದು ತುಂಬಿ, ಗ್ಯಾಸ್ ಹುಟ್ಟಿದ ಮೇಲೆ ದಿನಾ ಸ್ವಲ್ಪ ಸ್ವಲ್ಪವಾಗಿ ಹಂದಿಯದ್ದಕ್ಕೆ ಬದಲಾಯಿಸಿ.

ಗ್ಯಾಸಿನ ಕಥೆ ಬೇಗ ಮುಗಿಯುತ್ತದೆ. ದಿನಕ್ಕೆ 70 ಕಿಲೋದಷ್ಟು ಗೊಬ್ಬರ, ಅಷ್ಟೇ ನೀರು. ಮನೆಯ ಅಡಿಗೆ ಆಗಿ, ಹಂದಿಗೆ ತರುವ ಹೋಟೆಲಿನ ಮುಸುರೆಯನ್ನು ಕುದಿಸಲಿಕ್ಕೂ ಸಾಕಾಗುತ್ತದೆ. ಮುಸುರೆ ಕುದಿಸದೆ ಹಾಕಿದರೆ ರೋಗ ಕೈಯಾರೆ ಕರೆದಂತೆ, ಹಂದಿಜ್ವರ ಬಂದರೆ ಶೆಡ್ಡೇ ಖಾಲಿ. ಹಾಗಾಗಿ ಆ ಉರಿಯ ಬೆಲೆ ನನಗೆ ಸಿಲಿಂಡರಿನ ಲೆಕ್ಕಕ್ಕಿಂತ ದೊಡ್ಡದು. ಹಂದಿ ಗೊಬ್ಬರದ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅಂಶ ಜಾಸ್ತಿ, ನನ್ನ ಮೊದಲ ಬರ್ನರ್ ಎರಡೇ ವರ್ಷಕ್ಕೆ ತಿಂದುಹೋಯಿತು. ಈಗ ಆ ಅಂಶವನ್ನು ಹಿಡಿದಿಡಲು ಪೈಪಿನ ನಡುವೆ ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಡಬ್ಬಿ ಇಟ್ಟಿದ್ದೇನೆ, ವರ್ಷಕ್ಕೊಮ್ಮೆ ಚೂರು ಬದಲಾಯಿಸುತ್ತೇನೆ.

ಎರಡು ಸಲ ಗ್ಯಾಸ್ ನಿಂತಿತ್ತು, ಎರಡೂ ಸಲ ತಪ್ಪು ನನ್ನದೇ. ಒಮ್ಮೆ ರೋಗದ ಭಯಕ್ಕೆ ಶೆಡ್ಡನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು ಆ ನೀರನ್ನೂ ಒಳಗೇ ಬಿಟ್ಟಿದ್ದೆ. ಒಳಗಿನ ಸೂಕ್ಷ್ಮಜೀವಿಗಳೆಲ್ಲ ಸತ್ತು, ಉರಿ ಮರಳಿ ಬರಲು ಒಂದೂವರೆ ತಿಂಗಳು ಹಿಡಿಯಿತು. ಇನ್ನೊಮ್ಮೆ ಪೈಪು ಹಿಡಿದು ಧಾರಾಳವಾಗಿ ತೊಳೆದೆ. 140 ಲೀಟರ್ ಹೋಗಬೇಕಾದ ಕಡೆ 500 ಲೀಟರ್ ಹೋಯಿತು. ಒಳಗೆ 40 ದಿನ ಕೂತು ಕಳಿಯಬೇಕಾದದ್ದು ಹತ್ತು ಹನ್ನೆರಡು ದಿನಕ್ಕೇ ಹೊರಗೆ ಬಂತು. ಸರಿಯಾಗಿ ಕಳಿತು ಹೊರಬರುವ ನೀರುಗೊಬ್ಬರಕ್ಕೆ, ಅಂದರೆ ಸ್ಲರಿಗೆ, ವಾಸನೆ ಅಷ್ಟಾಗಿ ಇರುವುದಿಲ್ಲ, ಕೈಯಲ್ಲಿ ತೆಗೆದರೆ ಕಪ್ಪಗೆ, ನುಣ್ಣಗೆ ಇರುತ್ತದೆ. ಆಗ ಬಂದದ್ದು ಬೂದು ಬಣ್ಣದ್ದು, ಮೇಲೆ ನೊರೆ, ಅಂಗಳದ ತನಕ ನಾತ. ಈಗ ಮೊದಲು ಅಡಿಕೆ ಹಾಳೆಯ ತುಂಡಿನಿಂದ ಗೊಬ್ಬರ ಗೋರಿ ಬಕೆಟ್ಟಿಗೆ ಹಾಕಿಕೊಂಡು, ಆಮೇಲೆ ಎಷ್ಟು ಬೇಕೋ ಅಷ್ಟೇ ನೀರು ಬಿಡುತ್ತೇವೆ.

ಇನ್ನು ಗೊಬ್ಬರದ ವಿಷಯ.

ಕಟ್ಟಿಕೊಟ್ಟವರು ಸ್ಲರಿಗೆಂದು ತೋಡಿಸಿದ್ದು 10 ಅಡಿ ಉದ್ದ, 10 ಅಡಿ ಅಗಲ, 5 ಅಡಿ ಆಳದ ತೆರೆದ ಗುಂಡಿ. 14 ಸಾವಿರ ಲೀಟರ್ ಹಿಡಿಯುತ್ತದೆ, ಮೂರು ತಿಂಗಳು ನಿಶ್ಚಿಂತೆ ಎಂದರು. ಬಯಲುಸೀಮೆಗೆ ಆ ಲೆಕ್ಕ ಸರಿ ಇರಬಹುದು. ನಮ್ಮಲ್ಲಿ 100 ಇಂಚು ಮಳೆ ಎಂದರೆ ದೊಡ್ಡ ಮಾತಲ್ಲ. ಅಷ್ಟು ಮಳೆ ಆ ಗುಂಡಿಯ ಬಾಯಿಗೆ ಬಿದ್ದರೆ ಮಳೆ ನೀರೇ 23 ಸಾವಿರ ಲೀಟರ್ ದಾಟುತ್ತದೆ, ಸ್ಲರಿಯ ಲೆಕ್ಕ ಬೇರೆ. ಮೊದಲ ವರ್ಷ ಜುಲೈ ತಿಂಗಳ ಒಂದು ರಾತ್ರಿ ಗುಂಡಿ ತುಂಬಿ ಹರಿಯಿತು. ಬೆಳಿಗ್ಗೆ ಟಾರ್ಚ್ ಹಿಡಿದು ಹೋದರೆ ತೋಟದ ಕಾದಿಗೆಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಕೆಂಪು ನೀರಿನ ಜೊತೆ ಕಪ್ಪು ಗೆರೆಯೊಂದು ಇಳಿಯುತ್ತಿತ್ತು. ಅದು ಪಕ್ಕದವರ ಸಸಿಮಡಿಯ ಅಂಚು ದಾಟಿ ಹಳ್ಳಕ್ಕೆ ಸೇರಿತ್ತು. ಕೆಳಗಿನ ಮನೆಯವರು ಆ ಹಳ್ಳದಲ್ಲೇ ದನಕ್ಕೆ ನೀರು ಕುಡಿಸುವುದು, ಆ ಹಳ್ಳ ಕೊನೆಗೆ ಸೇರುವುದು ತುಂಗೆಯನ್ನು. ಆ ಮನೆಗೆ ಹೋಗಿ ನಾನೇ ವಿಷಯ ಹೇಳಿ ಬಂದೆ. ಅವರು ಒಂದು ಮಾತೂ ಆಡಲಿಲ್ಲ. ಆ ಸುಮ್ಮನಿದ್ದದ್ದು ನನಗೆ ಇನ್ನೂ ಮರೆತಿಲ್ಲ.

ಮುಂದಿನ ವರ್ಷ ಗುಂಡಿಗೆ ತಗಡಿನ ಮಾಡು ಹಾಕಿಸಿದೆ, ಸುತ್ತ ಒಂದಡಿ ಎತ್ತರದ ಕಟ್ಟೆ ಕಟ್ಟಿಸಿದೆ, ಅದೇ ಅಳತೆಯ ಇನ್ನೊಂದು ಗುಂಡಿ ತೆಗೆಸಿದೆ. ಗ್ಯಾಸ್ ಸ್ಥಾವರಕ್ಕೆ ಕೊಟ್ಟದ್ದರ ಅರ್ಧದಷ್ಟು ಹಣ ಇದಕ್ಕೇ ಹೋಯಿತು. ಮಲೆನಾಡಿನಲ್ಲಿ ಕಟ್ಟಿಸುವವರು ಈ ಖರ್ಚನ್ನು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಹಸಿ ಸ್ಲರಿ ತೋಟಕ್ಕೆ ಬಿಡುವುದೆಂದರೆ ಹಳ್ಳಕ್ಕೆ ಗೊಬ್ಬರ ಹಾಕಿದ ಹಾಗೆ. ಸಾರಜನಕವೂ ಪೊಟ್ಯಾಷೂ ನೀರಿನ ಜೊತೆ ಹೊರಟೇಹೋಗುತ್ತವೆ.

ಎರಡನೇ ಪಾಠ ಕಲಿಸಿದ್ದು ಇಳಿಜಾರು. ಶೆಡ್ಡು ಮೇಲೆ, ತೋಟ ಕೆಳಗೆ. ಪೈಪು ಹಾಕಿದರೆ ಸ್ಲರಿ ತಾನಾಗಿ ಇಳಿಯುತ್ತದೆ ಎಂದು ಖುಷಿಯಾಗಿತ್ತು. ಇಳಿಯಿತು ಕೂಡ, ಆದರೆ ಹತ್ತಿರದ ಮುನ್ನೂರು ಮರಕ್ಕೆ ಮಾತ್ರ. ಎರಡೇ ವರ್ಷಕ್ಕೆ ಆ ಮರಗಳ ಸೋಗೆ ಕಡು ಹಸಿರಾಯಿತು, ನೋಡಿದವರೆಲ್ಲ ಹೊಗಳಿದರು. ಅಡಿಕೆ ಗೊನೆ ಇಳಿಸಿ ತೂಗಿದರೆ ಇಳುವರಿ ಹೆಚ್ಚಿರಲಿಲ್ಲ. ಆಚೆ ಬದಿಯ ಮರಗಳು ಮೊದಲಿನ ಹಾಗೇ ಹಳದಿ. ಗದ್ದೆಗೂ ಒಮ್ಮೆ ಹಾಗೆಯೇ ಬಿಟ್ಟಿದ್ದೆ. ಪೈರು ಸೊಕ್ಕಿ ಬೆಳೆದು, ಬೆಂಕಿ ರೋಗ ಬಂದು, ತೆನೆ ಕಟ್ಟುವ ಹೊತ್ತಿಗೆ ಮಲಗಿತು.

ಆಗ ಶಿವಮೊಗ್ಗಕ್ಕೆ ಪರೀಕ್ಷೆಗೆಂದು ಮಣ್ಣು ಕೊಟ್ಟೆ. ಹತ್ತಿರದ ಮರಗಳ ಬುಡದ್ದು ಒಂದು ಚೀಲ, ಆಚೆ ಬದಿಯದ್ದು ಇನ್ನೊಂದು, ಸ್ಲರಿ ಒಂದು ಬಾಟಲಿ. ಎರಡೂ ಮಣ್ಣನ್ನು ಬೆರೆಸಿ ಒಂದೇ ಮಾದರಿ ಕೊಟ್ಟಿದ್ದರೆ ‘ಮಧ್ಯಮ’ ಎಂದು ಬರುತ್ತಿತ್ತು, ನಾನು ಏನೂ ತಿಳಿಯದೆ ಉಳಿಯುತ್ತಿದ್ದೆ. ಹತ್ತಿರದ ಮಣ್ಣಿನಲ್ಲಿ ರಂಜಕ ‘ಹೆಚ್ಚು’, ಸತು ಮತ್ತು ತಾಮ್ರ ಬೇಕಾದದ್ದಕ್ಕಿಂತ ಎಷ್ಟೋ ಮೇಲೆ, ಪೊಟ್ಯಾಷ್ ಮಾತ್ರ ‘ಕಡಿಮೆ’. ಆಚೆ ಬದಿಯಲ್ಲಿ ರಂಜಕವೂ ಕಡಿಮೆ. ರಸಸಾರ (pH) ಎರಡು ಕಡೆಯೂ 5ರ ಹತ್ತಿರ, ನಮ್ಮ ಜಂಬಿಟ್ಟಿಗೆ ಮಣ್ಣಿಗೆ ಅದು ಸಹಜ.

ರಂಜಕ ಹೀಗೆ ಕೂತುಕೊಳ್ಳಲು ಕಾರಣವಿದೆ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ನನ್ನ ಸ್ಲರಿಯ 10 ಲೀಟರಿನಲ್ಲಿ ಇದ್ದದ್ದು ಸಾರಜನಕ 28 ಗ್ರಾಂ, ರಂಜಕ 20 ಗ್ರಾಂ. ಸಾರಜನಕಕ್ಕೆ ಸಾಕಾಗುವಷ್ಟು ಸುರಿದರೆ ರಂಜಕ ಶಿಫಾರಸಿನ ಒಂದೂಮುಕ್ಕಾಲು ಪಟ್ಟಾಗುತ್ತದೆ. ಮೀರಿದ್ದು ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಅಂಟಿಕೊಂಡು ಅಲ್ಲೇ ಉಳಿಯುತ್ತದೆ. ಸತು ಬರುವುದು ಹಂದಿಯ ಖನಿಜ ಮಿಶ್ರಣದಿಂದ. ತಾಮ್ರ ಎರಡು ಕಡೆಯಿಂದ, ಹಂದಿಯ ಮೇವಿನಿಂದಲೂ, ಕೊಳೆರೋಗಕ್ಕೆ ವರ್ಷ ವರ್ಷ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಿಂದಲೂ. ಗ್ಯಾಸ್ ಉರಿಸಿದರೆ ಇವು ಯಾವುವೂ ಕಡಿಮೆಯಾಗುವುದಿಲ್ಲ. ಸ್ಥಾವರ ತೆಗೆದುಕೊಳ್ಳುವುದು ಇಂಗಾಲವನ್ನು, ನಾತವನ್ನು. ಹಂದಿ ಗೊಬ್ಬರದ ಜೊತೆ ಒಳಗೆ ಹೋದ ರಂಜಕ, ಸತು, ತಾಮ್ರ ಅಷ್ಟಕ್ಕಷ್ಟೂ ಆಚೆ ಬಾಯಿಂದ ಹೊರಬರುತ್ತವೆ.

ವರ್ಷಕ್ಕೆ ನನಗೆ ಸಿಗುವ ಸ್ಲರಿ 50 ಸಾವಿರ ಲೀಟರಿಗೆ ತುಸು ಹೆಚ್ಚು. ಮುನ್ನೂರು ಮರಕ್ಕೆ ಹಂಚಿದರೆ ಮರಕ್ಕೆ 170 ಲೀಟರ್, ಮೂರೆಕರೆಯ 1,650 ಮರಕ್ಕೆ ಹಂಚಿದರೆ 30ರ ಸುತ್ತ. ತೋಟ ಅದೇ, ಗೊಬ್ಬರವೂ ಅದೇ.

ಹಾಗಾಗಿ ಒಂದು ಮಡ್ ಪಂಪ್, 2 ಇಂಚಿನ ಪೈಪು ತಂದೆ. ಹಂದಿಯ ಕೂದಲು ಸಿಕ್ಕಿ ಪಂಪ್ ಪದೇಪದೇ ಕಟ್ಟಿಕೊಳ್ಳುತ್ತಿತ್ತು. ಹೀರುವ ಬಾಯಿಗೆ ಜಾಲರಿ ಬುಟ್ಟಿ ಕಟ್ಟಿದ ಮೇಲೆ ಸರಿಯಾಯಿತು. ಅಕ್ಟೋಬರ್ ಕೊನೆಯಿಂದ ಮೇ ತನಕ ಮರಕ್ಕೆ 10 ಲೀಟರಿನಂತೆ ಎರಡು ಸಲ, ಆಚೆ ಬದಿಗೆ ಮೊದಲು. ಹತ್ತಿರದ ಮುನ್ನೂರು ಮರಕ್ಕೆ ಮೂರು ವರ್ಷದಿಂದ ಒಂದು ತೊಟ್ಟೂ ಬಿಟ್ಟಿಲ್ಲ. ರಂಜಕದ ಗೊಬ್ಬರ ಕೊಳ್ಳುವುದು ಇಡೀ ತೋಟಕ್ಕೇ ನಿಲ್ಲಿಸಿದ್ದೇನೆ. ಪೊಟ್ಯಾಷ್ ಕೊಳ್ಳುತ್ತೇನೆ, ಸಾರಜನಕದ ಕೊರತೆಗೆ ಬೆಟ್ಟದ ಸೊಪ್ಪು. ಸುಣ್ಣ ಹಾಕುವುದಿದ್ದರೆ ಸ್ಲರಿಗೂ ಅದಕ್ಕೂ ನಡುವೆ ಒಂದು ತಿಂಗಳು ಬಿಡಿ, ಒಟ್ಟಿಗೆ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಮಳೆಗಾಲದ ಸ್ಲರಿಗೆ ಕಂಡುಕೊಂಡ ದಾರಿ ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆ ರಾಶಿ ಬಿದ್ದು ವರ್ಷಗಟ್ಟಲೆ ಕೊಳೆಯದೆ ಇರುತ್ತಿತ್ತು. ಈಗ ಮಾಡಿನ ಕೆಳಗೆ ಒಂದಡಿ ಸಿಪ್ಪೆ, ಅದರ ಮೇಲೆ ದರಕು (ಒಣಗಿದ ಎಲೆ), ಅದು ನೆನೆಯುವಷ್ಟು ಸ್ಲರಿ, ಹೀಗೆ ಎದೆಯೆತ್ತರಕ್ಕೆ ಪದರ. ಜಡಿಮಳೆ ಹೊಯ್ಯುವಾಗ ರಾಶಿಯೊಳಗೆ ಕೈ ಹಾಕಿದರೆ ಸುಡುತ್ತದೆ, ಕೆದಕಿದರೆ ಆವಿ ಏಳುತ್ತದೆ. ಎರಡು ಸಲ ಮಗುಚಿದರೆ ದೀಪಾವಳಿ ಹೊತ್ತಿಗೆ ಪುಡಿಯಾಗುತ್ತದೆ. ಬುಟ್ಟಿಯಲ್ಲಿ ಹೊರಬಹುದು, ಪೈಪು ಮುಟ್ಟದ ತೋಟದ ಮೂಲೆಗೂ ಹೋಗುತ್ತದೆ.

ಒಂದು ಎಚ್ಚರಿಕೆ. ಸ್ಲರಿ ಗುಂಡಿಗಾಗಲಿ ಸ್ಥಾವರದ ಒಳಗಾಗಲಿ ಯಾವ ಕಾರಣಕ್ಕೂ ಇಳಿಯಬೇಡಿ, ಆಳನ್ನೂ ಇಳಿಸಬೇಡಿ. ಖಾಲಿ ಕಂಡರೂ ಒಳಗಿನ ಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ, ಬಿದ್ದವರನ್ನು ಎತ್ತಲು ಇಳಿದವರೂ ಉಳಿಯುವುದಿಲ್ಲ.

ಹೋದ ತಿಂಗಳು ಮತ್ತೆ ಎರಡು ಚೀಲ ಮಣ್ಣು ಕೊಟ್ಟೆ. ಆಚೆ ಬದಿಯ ರಂಜಕ ‘ಮಧ್ಯಮ’ಕ್ಕೆ ಬಂದಿದೆ. ಹತ್ತಿರದ ಮುನ್ನೂರು ಮರದ ಬುಡದಲ್ಲಿ ಇನ್ನೂ ‘ಹೆಚ್ಚು’ ಎಂದೇ ಇದೆ. ಅಲ್ಲಿಗೆ ಈ ವರ್ಷವೂ ಪೈಪು ಎಳೆಯುವುದಿಲ್ಲ.