ಡೆಕ್ ಸೋರಿಕೆಗೆ ಬ್ಯೂಟೈಲ್ ಟೇಪ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ದೂರ ಹೊರಡುವ ಮುಂಚೆ ಹಾಯಿ, ಹಗ್ಗ, ಲಂಗರು ಎಲ್ಲವನ್ನೂ ನೋಡುತ್ತೇವೆ. ಡೆಕ್ (ದೋಣಿಯ ಮೇಲ್ಹಾಸು) ಮೇಲಿನ ಬೋಲ್ಟ್‌ಗಳ ಕಡೆ ಗಮನ ಹೋಗುವುದು ಕಡಿಮೆ. ಆದರೆ ಸಣ್ಣ ಹಾಯಿದೋಣಿಯಲ್ಲಿ ಹಾಸಿಗೆ ಒದ್ದೆಯಾಗುವುದು ಜಾಸ್ತಿ ಅಲ್ಲಿಂದಲೇ. ಹಗ್ಗ ಕಟ್ಟುವ ಕ್ಲೀಟ್, ರೇಲಿಂಗ್ ಕಂಬಿ, ಹಾಯಿಕಂಬವನ್ನು ಎಳೆದು ಹಿಡಿಯುವ ತಂತಿಗಳನ್ನು ದೋಣಿಗೆ ಬಿಗಿಯುವ ಲೋಹದ ಪಟ್ಟಿ ಅಂದರೆ ಚೈನ್‌ಪ್ಲೇಟ್, ಹೀಗೆ ಡೆಕ್‌ಗೆ ತೂತು ಕೊರೆದು ಕೂರಿಸಿದ ಎಲ್ಲದರ ಅಡಿಯಲ್ಲೂ ನೀರಿಗೆ ದಾರಿ ಇರುತ್ತದೆ. ಅದನ್ನು ಮುಚ್ಚಲು ನಾನು ವರ್ಷಗಳಿಂದ ನೆಚ್ಚಿಕೊಂಡಿರುವುದು ಬ್ಯೂಟೈಲ್ ಟೇಪನ್ನು.

ಹೆಸರು ಟೇಪ್ ಅಂತಿದ್ದರೂ ಇದು ಮೆತ್ತನೆಯ, ಜಿಗುಟಾದ ರಬ್ಬರ್ ಪಟ್ಟಿ. ಒಣಗಿ ಗಟ್ಟಿಯಾಗುವುದಿಲ್ಲ. ಕಂಬಿ ಹಿಡಿದು ಯಾರಾದರೂ ಜಗ್ಗಿದರೆ ಅದರ ಬುಡ ಒಂಚೂರು ಅಲುಗುತ್ತದಲ್ವಾ, ಇದೂ ಜೊತೆಗೆ ಅಲುಗುತ್ತದೆ, ಬಿಟ್ಟುಕೊಳ್ಳುವುದಿಲ್ಲ.

ಕೂರಿಸುವಾಗ ಆತುರ ಬೇಡ. ಹಳೆಯ ಸೀಲೆಂಟನ್ನು (ಸಂದು ಮುಚ್ಚಲು ಹಚ್ಚಿದ ಅಂಟು) ಪೂರ್ತಿ ಕೆರೆದು ತೆಗೆಯಿರಿ. ತೂತಿನ ಬಾಯಿಯನ್ನು ಸ್ವಲ್ಪ ಇಳಿಜಾರಾಗಿ ಕೊರೆದರೆ ಟೇಪ್ ಅಲ್ಲಿ ತುಂಬಿಕೊಂಡು ಬೋಲ್ಟ್ ಸುತ್ತ ಬಿಗಿಯಾಗಿ ಕೂರುತ್ತದೆ. ಒಂದು ತುಂಡನ್ನು ಬತ್ತಿಯ ಹಾಗೆ ಹೊಸೆದು ಬೋಲ್ಟ್ ತಲೆಯ ಕೆಳಗೆ ಸುತ್ತಿ. ಮೇಲೆ ಒಬ್ಬರು ಬೋಲ್ಟ್ ತಿರುಗದಂತೆ ಹಿಡಿಯಬೇಕು, ಒಳಗೆ ಇನ್ನೊಬ್ಬರು ನಟ್ ಮಾತ್ರ ತಿರುಗಿಸಬೇಕು. ಬೋಲ್ಟ್ ತಿರುಗಿದರೆ ಸುತ್ತಿದ್ದೆಲ್ಲ ಕಿತ್ತುಕೊಳ್ಳುತ್ತದೆ. ಅಂಚಿನಲ್ಲಿ ಟೇಪ್ ಹೊರಗೆ ಬಂದಾಗ ನಿಲ್ಲಿಸಿ. ಮಾರನೇ ದಿನ ಮತ್ತೆ ಸ್ವಲ್ಪ ಬಿಗಿ ಮಾಡಿ. ಚಳಿಯಲ್ಲಿ ಇದು ಬಿರುಸಾಗುತ್ತದೆ, ಆಗ ಇನ್ನೂ ನಿಧಾನ ಬೇಕು.

ನನಗೆ ಇದು ಹಿಡಿಸಲು ಮುಖ್ಯ ಕಾರಣ, ಬೇಕೆಂದಾಗ ಬಿಚ್ಚಬಹುದು. ಚೈನ್‌ಪ್ಲೇಟ್ ಸ್ಟೇನ್‌ಲೆಸ್ ಸ್ಟೀಲಿನದಾದರೂ ಡೆಕ್ ಒಳಗೆ ಹಾದುಹೋಗುವ ಜಾಗದಲ್ಲಿ ಗಾಳಿಯಿಲ್ಲದೆ ಒದ್ದೆಯಾಗಿಯೇ ಇದ್ದರೆ ತುಕ್ಕು ಹಿಡಿದು ಬಿರುಕು ಬಿಡುತ್ತದೆ. ಹೊರಗಿನಿಂದ ನೋಡಿದರೆ ಥಳಥಳ. ಹಾಯಿಕಂಬ ನಿಂತಿರುವುದೇ ಅದರ ಬಲದಲ್ಲಿ, ಹಾಗಾಗಿ ಹೊರಗೆ ತೆಗೆದೇ ನೋಡಬೇಕು. ಬಲವಾದ ಪಾಲಿಯುರಿಥೇನ್ ಅಂಟು ಹಾಕಿದ್ದರೆ ಕೀಳುವಾಗ ಡೆಕ್‌ನ ಜೆಲ್‌ಕೋಟ್ (ಮೇಲಿನ ನುಣುಪು ಪದರ) ಕೂಡ ಎದ್ದು ಬರಬಹುದು. ಸಿಲಿಕೋನ್ ಆದರೆ ಜಿಡ್ಡು ಉಳಿದು, ಅದರ ಮೇಲೆ ಬೇರೇನೂ ಹಿಡಿಯುವುದಿಲ್ಲ.

ಎಲ್ಲ ಕಡೆಗೂ ಇದು ಆಗುವುದಿಲ್ಲ. ನೀರಿನ ಮಟ್ಟಕ್ಕಿಂತ ಕೆಳಗೆ ಬೇಡ. ಡೀಸೆಲ್, ಪೆಟ್ರೋಲ್ ತಾಗುವ ಕಡೆ ಕರಗುತ್ತದೆ. ಬೋಲ್ಟ್ ಇಲ್ಲದೆ ಬರೀ ಅಂಟಿನ ಮೇಲೆ ನಿಂತ ಕಿಟಕಿಗೂ ಬೇಡ. ಹೊರಗೆ ಕಾಣುವ ಅಂಚು ಕೊಳೆ ಹಿಡಿಯುತ್ತದೆ, ಆಗಾಗ ಕೆರೆಯಬೇಕು. ಡೆಕ್ ಒಳಗೆ ಬಾಲ್ಸಾ ಮರದ ಪದರ ಇದ್ದರೆ ಟೇಪೊಂದನ್ನೇ ನಂಬಬೇಡಿ. ತೂತು ದೊಡ್ಡದು ಮಾಡಿ, ಎಪಾಕ್ಸಿ ತುಂಬಿಸಿ, ಅದು ಗಟ್ಟಿಯಾದ ಮೇಲೆ ಮತ್ತೆ ಕೊರೆಯಿರಿ. ಇಲ್ಲದಿದ್ದರೆ ಒಂದು ಹನಿ ಸೋರಿದರೂ ಮರ ಕೊಳೆಯಲು ಶುರುವಾಗುತ್ತದೆ.

ಹೊರಡುವ ಮುಂಚೆ ಒಳಗಿನ ನಟ್‌ಗಳ ಸುತ್ತ ಟಿಶ್ಯೂ ಸುತ್ತಿ, ಡೆಕ್ ಮೇಲೆ ಪೈಪಿನಿಂದ ನೀರು ಬಿಡಿ. ತಗ್ಗಿನ ಕಡೆಯಿಂದ ಶುರುಮಾಡಿ ಒಂದೊಂದಾಗಿ ಮೇಲಕ್ಕೆ ಬನ್ನಿ, ಯಾವುದು ಸೋರುತ್ತಿದೆ ಅಂತ ಗೊತ್ತಾಗುತ್ತದೆ. ತೇವ ಕಂಡ ಕಡೆ ಮೇಲಿಂದ ಸುಮ್ನೆ ಸೀಲೆಂಟ್ ಬಳಿಯಬೇಡಿ. ಬಿಚ್ಚಿ, ಚೆನ್ನಾಗಿ ಒಣಗಿಸಿ, ಹೊಸ ಟೇಪ್ ಹಾಕಿ.