ಕಾರಿನ ಕಂಪ್ಯೂಟರಿಗೆ ರಾಸ್ಪ್‌ಬೆರಿ ಪೈಯೋ, ಮಿನಿ ಐಟಿಎಕ್ಸೋ?

ನನ್ನ ಓಟು ಮಿನಿ ಐಟಿಎಕ್ಸಿಗೆ, ಅಂದರೆ ಪುಟ್ಟ ಅಳತೆಯ ಪಿಸಿ ಮದರ್‌ಬೋರ್ಡಿಗೆ. ಇಂಟೆಲ್ ಎನ್100ನಂಥ ಕಡಿಮೆ ಕರೆಂಟು ತಿನ್ನುವ ಪ್ರೊಸೆಸರ್ ಇರುವ ಬೋರ್ಡು, ಜತೆಗೆ ಕಾರಿಗೆಂದೇ ಮಾಡಿದ ಎಂ4-ಎಟಿಎಕ್ಸ್ ಪವರ್ ಸಪ್ಲೈ. ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರು) ಕೂಡ ಹಾಡು, ಮ್ಯಾಪು ಎರಡನ್ನೂ ಚೆನ್ನಾಗಿಯೇ ನಡೆಸುತ್ತದೆ. ಅದು ಕೈಕೊಡುವುದು ಕೀ ತಿರುಗಿಸುವ ಹೊತ್ತಿನಲ್ಲಿ.

ಕಾರಿನ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸು. ಸ್ಟಾರ್ಟರ್ ಮೋಟಾರು ತಿರುಗುವಾಗ ಅದು 8ಕ್ಕೆ ಕುಸಿಯಬಹುದು. ಚಳಿ ಇದ್ದರೆ ಅಥವಾ ಬ್ಯಾಟರಿ ಹಳತಾಗಿದ್ದರೆ 6ಕ್ಕೂ ಇಳಿದೀತು. ಪೈಗೆ 5 ವೋಲ್ಟ್ ಕೊಡಲು ಹೆಚ್ಚಿನವರು ಹಾಕುವುದು ಅಗ್ಗದ ಎಲ್‌ಎಂ2596 ಬಕ್ ಕನ್ವರ್ಟರು, ಅಂದರೆ ವೋಲ್ಟೇಜು ಇಳಿಸುವ ಸಾಧನ. ಪೂರ್ತಿ ಲೋಡಿನಲ್ಲಿ ಅದಕ್ಕೆ ಬರುವ ವೋಲ್ಟೇಜು ಹೊರಡುವುದಕ್ಕಿಂತ ಒಂದು ವೋಲ್ಟಿಗೂ ಹೆಚ್ಚು ಮೇಲಿರಬೇಕು. 6 ಬಂದರೆ 5 ಹೊರಡುವುದಿಲ್ಲ. ತೆಳು ಯುಎಸ್‌ಬಿ ಕೇಬಲು ಉಳಿದದ್ದರಲ್ಲೂ ಸ್ವಲ್ಪ ನುಂಗುತ್ತದೆ. 4.63 ವೋಲ್ಟಿಗಿಂತ ಇಳಿದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಾಣುತ್ತದೆ, ಇನ್ನೂ ಇಳಿದರೆ ರೀಬೂಟ್. ಎಸ್‌ಡಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗಲೇ ಹೀಗಾದರೆ ಫೈಲ್‌ಸಿಸ್ಟಂ ಕೆಡುತ್ತದೆ. ವೋಲ್ಟೇಜನ್ನು ಏರಿಸಲೂ ಇಳಿಸಲೂ ಬಲ್ಲ ಬಕ್-ಬೂಸ್ಟ್ ಕನ್ವರ್ಟರು ಹಾಕಿ, ಕಾರ್ಡಿನ ಬದಲು ಮೆಮೊರಿಯಲ್ಲೇ ಬರೆಯುವ ಓವರ್‌ಲೇ ಫೈಲ್‌ಸಿಸ್ಟಂ ಆನ್ ಮಾಡಿದರೆ ಇಷ್ಟು ಸರಿಹೋಗುತ್ತದೆ.

ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಕೀ ಸ್ಟಾರ್ಟ್ ಸ್ಥಾನಕ್ಕೆ ಹೋದಾಗ ಎಸಿಸಿ ವೈರಿನಲ್ಲಿ (ಕೀ ತಿರುಗಿಸಿದಾಗ ಸ್ಟೀರಿಯೋದಂಥವಕ್ಕೆ ಕರೆಂಟು ಕೊಡುವ ವೈರು) ಕರೆಂಟೇ ಇರುವುದಿಲ್ಲ. ಆ ವೈರಿನಿಂದಲೇ ಪೈ ಓಡುತ್ತಿದ್ದರೆ ಎಂಥ ಕನ್ವರ್ಟರಿದ್ದರೂ ಆರಿಹೋಗುತ್ತದೆ. ಹಾಗಾಗಿ ಕರೆಂಟು ನೇರ ಬ್ಯಾಟರಿಯಿಂದ ಬರಬೇಕು, ಎಸಿಸಿ ಬರೀ ಸೂಚನೆಗೆ. ಪೈಗೆ ಇದನ್ನು ಮಾಡಲು ಟೈಮರ್ ರಿಲೇ, ಶಟ್‌ಡೌನ್ ಸ್ಕ್ರಿಪ್ಟು, ಸೂಚನೆ ಪಡೆಯುವ ಜಿಪಿಐಒ ಪಿನ್ನಿಗೆ 12 ವೋಲ್ಟ್ ತಾಗದಂತೆ ಬೆಳಕಿನ ಮೂಲಕ ಸೂಚನೆ ದಾಟಿಸುವ ಒಂದು ಆಪ್ಟೋಕಪ್ಲರ್ ಎಲ್ಲವನ್ನೂ ನಾವೇ ಜೋಡಿಸಬೇಕು. ಒಂದು ಬೆಸುಗೆ ಸಡಿಲವಾದರೂ ಮತ್ತೆ ಅದೇ ರೀಬೂಟ್.

ಎಂ4-ಎಟಿಎಕ್ಸ್‌ನಲ್ಲಿ ಇವೆಲ್ಲ ಒಳಗೇ ಇವೆ. 6ರಿಂದ 30 ವೋಲ್ಟಿನವರೆಗೆ ಏನು ಕೊಟ್ಟರೂ ನಡೆಯುತ್ತದೆ. ಎಸಿಸಿ ವೈರನ್ನು ಅದರ ಇಗ್ನಿಷನ್ ಪಿನ್ನಿಗೆ, ಎರಡು ಸಣ್ಣ ವೈರುಗಳನ್ನು ಮದರ್‌ಬೋರ್ಡಿನ ಪವರ್ ಬಟನ್ ಪಿನ್ನುಗಳಿಗೆ ಸಿಕ್ಕಿಸಿದರೆ ಆಯಿತು. ಕೀ ತೆಗೆದ ಮೇಲೆ ಸ್ವಲ್ಪ ಕಾದು ಅದೇ ಬಟನ್ ಒತ್ತುತ್ತದೆ. ಕಾಯುವುದರಿಂದಲೇ ಸ್ಟಾರ್ಟ್ ಹೊತ್ತಿನ ಕಡಿತವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬ್ಯಾಟರಿಯ ಪಾಸಿಟಿವ್‌ನಿಂದ ಗೇಣುದ್ದದೊಳಗೆ 15 ಆಂಪಿಯರ್ ಫ್ಯೂಸು, ಅಲ್ಲಿಂದ 2.5 ಚದರ ಮಿಲಿಮೀಟರ್ ವೈರು.

ನನ್ನನ್ನು ಈ ಕಡೆ ಪೂರ್ತಿ ಎಳೆದದ್ದು ಸಸ್ಪೆಂಡ್, ಅಂದರೆ ಕಂಪ್ಯೂಟರನ್ನು ಪೂರ್ತಿ ಆರಿಸದೆ ಮಲಗಿಸುವುದು. ದಿನಕ್ಕೆ ಹತ್ತು ಸಲ ನಿಲ್ಲಿಸಿ ಹೊರಡುವ ಓಡಾಟದಲ್ಲಿ ಪ್ರತಿ ಸಲವೂ ಬೂಟ್ ಆಗುವುದನ್ನು ಕಾಯಲಾಗದು. ಪೈ 4ಕ್ಕೆ ಈ ಸೌಲಭ್ಯವೇ ಇಲ್ಲ. ಐಟಿಎಕ್ಸಿನಲ್ಲಿ ಪವರ್ ಬಟನ್ ಒತ್ತಿದರೆ ಸಸ್ಪೆಂಡ್ ಎಂದು ಸೆಟ್ ಮಾಡಿಟ್ಟರೆ ಹಾಡು ನಿಂತಲ್ಲಿಂದಲೇ ಶುರುವಾಗುತ್ತದೆ. ಆದರೆ ಕೆಲ ಹೊತ್ತಿನ ಮೇಲೆ ಕರೆಂಟನ್ನೇ ಕಡಿಯುವ ಹಾರ್ಡ್-ಆಫ್ ಟೈಮರ್ ಇಡಲೇಬೇಕು: ಸಸ್ಪೆಂಡಿನಲ್ಲಿ 3 ವ್ಯಾಟ್ ಎಳೆದರೂ 0.25 ಆಂಪಿಯರ್, ವಾರಕ್ಕೆ 42 ಆಂಪಿಯರ್-ಅವರ್. 45ರ ಬ್ಯಾಟರಿ ಖಾಲಿಯಾದಂತೆಯೇ. ಟೈಮರಿಗೆ ಎರಡು ಗಂಟೆ ಸಾಕು.

12 ವೋಲ್ಟ್ ಜಾಕ್ ಇರುವ ಐಟಿಎಕ್ಸ್ ಬೋರ್ಡಿಗೆ ಕಾರಿನ ವೈರನ್ನು ನೇರ ಕೊಡಬೇಡಿ, ಅದು ಬಯಸುವುದು ಏರಿಳಿಯದ ವೋಲ್ಟೇಜು. ಹಾರ್ಡ್ ಡಿಸ್ಕ್ ಬೇಡ, ಬಿಸಿಲಿಗೆ ನಿಂತ ಕಾರಿನೊಳಗೆ ಎಸ್‌ಎಸ್‌ಡಿಯೇ ವಾಸಿ.

ಸ್ಪೀಕರಿನಲ್ಲಿ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜು ಮಾಡುವ ಯಂತ್ರ) ಕುಂಯ್‌ಗುಟ್ಟುವ ಸದ್ದು ಎರಡರಲ್ಲೂ ಬರುತ್ತದೆ. ಕಂಪ್ಯೂಟರ್, ಆಂಪ್ಲಿಫೈಯರ್ ಎರಡರ ಗ್ರೌಂಡನ್ನೂ ಒಂದೇ ಬೋಲ್ಟಿಗೆ ಬಿಗಿಯಿರಿ. ರಿವರ್ಸ್ ಕ್ಯಾಮೆರಾವನ್ನು ಎರಡರಲ್ಲೂ ಕಂಪ್ಯೂಟರಿಗೆ ಕೊಡದೆ ನೇರ ಪರದೆಯ ಎವಿ ಇನ್‌ಪುಟ್ಟಿಗೆ ಕೊಡಿ, ಕಂಪ್ಯೂಟರ್ ಹ್ಯಾಂಗ್ ಆದರೂ ಹಿಂದಿನದು ಕಾಣುತ್ತದೆ. ರೆಡಿಮೇಡ್ ಆಂಡ್ರಾಯ್ಡ್ ಯೂನಿಟ್ಟು ನನಗೆ ಹಿಡಿಸಲಿಲ್ಲ, ಬೇಕಾದ್ದನ್ನು ಬದಲಿಸಲು ಬಿಡುವುದಿಲ್ಲ.

ಹಣದ ಮಾತಿಗೆ ಬಂದರೆ ಪೈ ಗೆಲ್ಲುತ್ತದೆ. ಕೈ ಬಿಗಿಯಿದ್ದು, ದಿನಕ್ಕೊಂದೇ ಉದ್ದನೆಯ ಪಯಣವಾದರೆ ಪೈಯನ್ನೇ ತೆಗೆದುಕೊಳ್ಳಿ; ಕನ್ವರ್ಟರಿನಲ್ಲಿ ಮಾತ್ರ ಕಾಸು ಉಳಿಸಬೇಡಿ.